ಕೊನೆಯ ಸ್ಕ್ರೂ ಯಾರದು?

ಬಾಗಿಲು ಎಂದರೇನು? ಇನ್ನೂರು ಪದಗಳಲ್ಲಿ ವಿವರಿಸಿ.

ಬಡಗಿಯ ಮಾನ್ಯತಾ ಪತ್ರಕ್ಕೆಂದು ಹಾಕುತ್ತಿದ್ದ ಅರ್ಜಿಯ ಒಂಬತ್ತನೆಯ ಪುಟದಲ್ಲಿದ್ದ ಈ ಪ್ರಶ್ನೆಯನ್ನು ಮಗಳು ಓದಿ ಹೇಳಿದಾಗ, ಬಾಯಲ್ಲಿದ್ದ ಕಾಫಿಯನ್ನು ನುಂಗಬೇಕೋ ಉಗುಳಬೇಕೋ ಮೇಸ್ತ್ರಿಗಳಿಗೆ ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಉಳಿ ಹಿಡಿದ ಕೈ ಅವರದು. ಅರಮನೆಯಂಥ ಮನೆಗೂ ಒಂದೂವರೆ ಕೋಣೆಯ ಮನೆಗೂ ಒಂದೇ ನಿಷ್ಠೆಯಿಂದ ಬಾಗಿಲು ಕೂರಿಸಿದ ಕೈ. ಅಂಥವರನ್ನು ಹಿಡಿದು ಬಾಗಿಲು ಎಂದರೇನು ಎಂದು ಕೇಳುವುದೆಂದರೆ, ಮದುವೆಯಾಗಿ ಇಪ್ಪತ್ತೆರಡು ವರ್ಷವಾದವನನ್ನು ನಿಲ್ಲಿಸಿ ಹೆಂಡತಿ ಎಂದರೇನು ಎಂದು ಕೇಳಿದ ಹಾಗೆ. ಗೊತ್ತಿಲ್ಲ ಎನ್ನುವ ಹಾಗಿಲ್ಲ. ಗೊತ್ತು ಎಂದರೆ ಬಾಯಿ ಬಿಟ್ಟು ಹೇಳುವ ಹಾಗಿಲ್ಲ.

ಕೊನೆಗೂ ಕಾಫಿ ನುಂಗಿ ಮೇಸ್ತ್ರಿಗಳು ಅಪ್ಪಣೆ ಕೊಡಿಸಿದರು: "ಬರಕೋ. ಬಾಗಿಲು ಅಂದ್ರೆ ತೆಗೆಯೋದು, ಹಾಕೋದು."

"ನಾಲ್ಕು ಪದ ಆಯ್ತಪ್ಪ. ಇನ್ನೂ ನೂರ ತೊಂಬತ್ತಾರು ಬೇಕು."

"ಅದನ್ನೇ ಐವತ್ತು ಸಲ ಬರಿ. ದಿನಕ್ಕೆ ಅಷ್ಟು ಸಲ ತೆಗೆದು ಹಾಕ್ತಾರೆ ತಾನೇ?"

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಬಾಗಿಲು ಅಂದ್ರೇನು ಅಂತ ಅಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ? ಇಲ್ಲಿಗೆ ಬನ್ನಿ ತೋರಿಸ್ತೀನಿ. ನಮ್ಮ ಕಪಾಟಿಗೆ ಯಾವುದು ಇಲ್ವೋ ಅದನ್ನೇ ಬಾಗಿಲು ಅಂತಾರೆ."

ಇದು ಹದಿನಾಲ್ಕು ತಿಂಗಳ ಹಳೆಯ ವ್ಯಾಜ್ಯ. ಬಾಡಿಗೆ ಮನೆಗೆ ಬಂದ ಮೊದಲ ವಾರವೇ ಅಡುಗೆಮನೆಯ ಕಪಾಟಿನ ಬಾಗಿಲು ಕೀಲು ಬಿಟ್ಟು ಕೈಗೆ ಬಂದಿತ್ತು. ಅಂದಿನಿಂದ ಅದು ಗೋಡೆಗೆ ಒರಗಿ, ಶಾಲೆಯಲ್ಲಿ ಶಿಕ್ಷೆಗೆ ನಿಂತ ಮಗುವಿನ ಹಾಗೆ ನಿಂತೇ ಇತ್ತು. ಮೇಸ್ತ್ರಿಗಳ ವಾದ ಸ್ಪಷ್ಟವಾಗಿತ್ತು: ಈ ಪರದೇಶದಲ್ಲಿ ಮಾನ್ಯತಾ ಪತ್ರವಿಲ್ಲದೆ ಬಡಗಿ ಕೆಲಸ ಮಾಡುವುದು ಕಾನೂನು ಭಂಗ. ತಾವು ಕಾನೂನಿಗೆ ತಲೆಬಾಗುವ ಮನುಷ್ಯ. (ಹುಟ್ಟೂರಿನಲ್ಲಿದ್ದಾಗಲೂ ಅವರ ಮನೆಯ ಕಪಾಟಿಗೆ ಬಾಗಿಲಿರಲಿಲ್ಲ ಎಂಬುದು ಬೇರೆ ಮಾತು. ಆಗ ಅಡ್ಡ ಬಂದದ್ದು ಯಾವ ಕಾನೂನೋ ನಮಗೆ ತಿಳಿಯದು.)

ಆದರೆ ನೋವು ನಿಜವಾದದ್ದೇ. ವಿಮಾನ ಹತ್ತುವಾಗ ಮೇಸ್ತ್ರಿಗಳ ವೀಸಾದಲ್ಲಿ 'ಕುಶಲ ಕೆಲಸಗಾರ' ಎಂದು ಬರೆದಿತ್ತು. ಇಳಿದ ಮೇಲೆ ತಿಳಿಯಿತು, ಆ ಕುಶಲ ಎಂಬುದು ವೀಸಾಕ್ಕೆ ಮಾತ್ರ ಅನ್ವಯ. ಕೈಗೆ ಬೇರೆಯೇ ಕಾಗದ ಬೇಕು. ಆ ಕಾಗದ ಬರುವ ತನಕ ಅವರು ಬಾಗಿಲು ತಯಾರಿಸುವ ಒಂದು ಕಾರ್ಖಾನೆಯಲ್ಲಿ ಹಲಗೆ ಜೋಡಿಸುತ್ತ, ಮರದ ಹೊಟ್ಟು ಗುಡಿಸುತ್ತ ಇದ್ದರು. ಮಾವ ಕೊಟ್ಟಿದ್ದ ಉಳಿ ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಎಣ್ಣೆಬಟ್ಟೆ ಸುತ್ತಿಕೊಂಡು ಮಲಗಿತ್ತು. ಭಾನುವಾರಕ್ಕೊಮ್ಮೆ ಅದನ್ನು ತೆಗೆದು, ಅಂಗೈ ಮೇಲಿಟ್ಟುಕೊಂಡು, ಮತ್ತೆ ಮಲಗಿಸುತ್ತಿದ್ದರು.

ಕಾರ್ಖಾನೆಯಲ್ಲಿ ಕಿಟಕಿಯ ಪಕ್ಕ ಒಂದು ಬೆಂಚು. ಬೆಳಗಿನ ಬಿಸಿಲು ಎಡಗಡೆಯಿಂದ ಬೀಳುವ, ತೇಗದಂತೆ ಗಟ್ಟಿಯಾದ, ಅಂಚು ಸವೆದು ನುಣುಪಾದ ಬೆಂಚು. ಅಲ್ಲಿ ಕೆಲಸ ಮಾಡುವ ಮುದುಕ ಬಡಗಿ ಚಳಿಗಾಲಕ್ಕೆ ನಿವೃತ್ತನಾಗುವವನಿದ್ದ. ಮಾಲೀಕ ಹೇಳಿದ್ದ: "ಅಷ್ಟರೊಳಗೆ ಕಾಗದ ತಂದರೆ ಬೆಂಚು ನಿನ್ನದು. ತರದಿದ್ದರೆ ಬೇರೆಯವರನ್ನು ನೋಡುತ್ತೇನೆ." ಅಂದಿನಿಂದ ಮೇಸ್ತ್ರಿಗಳು ಕಾರ್ಖಾನೆಯನ್ನೆಲ್ಲ ಒಂದು ಸಲ ಗುಡಿಸಿದರೆ ಆ ಬೆಂಚಿನ ಸುತ್ತ ಮೂರು ಸಲ ಗುಡಿಸುತ್ತಿದ್ದರು.

ಹತ್ತನೆಯ ಪುಟದಲ್ಲಿ ಇನ್ನೊಂದು ತೊಡಕು ಕಾದಿತ್ತು. 'ನಿಮಗೆ ತರಬೇತಿ ನೀಡಿದವರ ಸಹಿ ಮತ್ತು ಮೊಹರು.'

"ಮಾವ ಹೋಗಿ ಒಂಬತ್ತು ವರ್ಷ ಆಯ್ತು. ಅವರ ಸಹಿ ಬೇಕು ಅಂದ್ರೆ ನಾನು ಮೇಲಕ್ಕೇ ಹೋಗ್ಬೇಕಾಗುತ್ತೆ," ಎಂದರು ಮೇಸ್ತ್ರಿಗಳು.

"ಹೋಗಿ ಬನ್ನಿ," ಎಂದಳು ಹೆಂಡತಿ, ಒಗ್ಗರಣೆಯಿಂದ ತಲೆ ಎತ್ತದೆ. "ಹಂಗೇ ನಮ್ಮಮ್ಮನ್ನೂ ಮಾತಾಡಿಸ್ಕೊಂಡು ಬನ್ನಿ."

ಹೌದು, ಗುರು ಎಂದರೆ ಈಕೆಯ ತಂದೆಯೇ. ಊರಿಗೆಲ್ಲ ದೊಡ್ಡ ಮೇಸ್ತ್ರಿ. ಅವರ ಬಡಗಿ ಕೆಲಸದ ಕೊಟ್ಟಿಗೆಯಲ್ಲಿ ನಮ್ಮ ಮೇಸ್ತ್ರಿ ಇಪ್ಪತ್ತನೆಯ ವಯಸ್ಸಿಗೆ ಶಿಷ್ಯನಾಗಿ ಸೇರಿದ್ದು. ತಗಡಿನ ಮಾಡು. ತಗಡಿನ ತೂತುಗಳಿಂದ ಇಳಿಯುವ ಬಿಸಿಲುಕೋಲುಗಳಲ್ಲಿ ಮರದ ಧೂಳು ತೇಲುತ್ತಿತ್ತು. ಮೂಲೆಯಲ್ಲಿ ಸದಾ ಕುದಿಯುವ ಅಂಟಿನ ಡಬ್ಬಿ. ಗೋಡೆಯ ಮೇಲೆ ಹಳೆಯ ಗಿರಾಕಿಗಳ ಬಾಗಿಲಿನ ಅಳತೆಗಳು ಪೆನ್ಸಿಲ್ಲಿನಲ್ಲಿ. ಮತ್ತು ಹಲಗೆಯ ರಾಶಿಯ ಮೇಲೆ ಕುಳಿತು ಲೆಕ್ಕ ಬಿಡಿಸುವ ಎರಡು ಜಡೆಯ ಹುಡುಗಿ. ದೊಡ್ಡ ಮೇಸ್ತ್ರಿ "ಹಿಡಿಯಮ್ಮ" ಎಂದರೆ ಪುಸ್ತಕ ಬಿಟ್ಟು ಬಂದು ಹಲಗೆಯ ಆ ತುದಿ ಹಿಡಿಯುತ್ತಿದ್ದಳು. ಈ ತುದಿ ಹಿಡಿದವನು ನಮ್ಮ ಶಿಷ್ಯ. ಆರು ವರ್ಷ ಹೀಗೆ ಒಂದೇ ಹಲಗೆಯ ಎರಡು ತುದಿ ಹಿಡಿದವರಿಗೆ ಮದುವೆ ಮಾಡುವುದು ದೊಡ್ಡ ಮೇಸ್ತ್ರಿಗೆ ಕಷ್ಟವಾಗಲಿಲ್ಲ. ಅಳತೆ ಆಗಲೇ ಕೂಡಿತ್ತು.

ದೊಡ್ಡ ಮೇಸ್ತ್ರಿಯ ಪಾಠಶಾಲೆಯಲ್ಲಿ ಇದ್ದದ್ದು ಎರಡೇ ಪಾಠ. ಶಿಷ್ಯ ಸರಿ ಮಾಡಿದರೆ "ಹಂಗೇ". ತಪ್ಪಿದರೆ "ಹಂಗಲ್ಲ". ಯಾಕೆ ಎಂದು ಕೇಳಿದರೂ "ಹಂಗೇ". ಇದಕ್ಕೆ ಮೊಹರು ಎಲ್ಲಿಂದ ತರುವುದು?

ಮಾನ್ಯತಾ ಪತ್ರ ಕೊಡುವ ಕಚೇರಿಯವರು ಬೇರೊಂದು ದಾರಿ ತೋರಿಸಿದರು. ಹಳೆಯ ಗಿರಾಕಿಗಳ ಪತ್ರ, ಜೊತೆಗೆ ಮಾಡಿದ ಬಾಗಿಲುಗಳ ಫೋಟೋ ತನ್ನಿ. ಮೇಸ್ತ್ರಿಗಳು ಹಿಗ್ಗಿ ಹೀರೇಕಾಯಿಯಾದರು. ಫೋನ್ ಮೇಲೆ ಫೋನ್ ಹೋಯಿತು. ಗಿರಾಕಿಗಳಿಗೂ ಸಂಭ್ರಮವೋ ಸಂಭ್ರಮ. ನಮ್ಮ ಮೇಸ್ತ್ರಿಗೆ ಪರದೇಶದಲ್ಲಿ ಫೋಟೋ ಬೇಕಂತೆ ಎಂದು ಒಬ್ಬೊಬ್ಬರೂ ಮನೆಮಂದಿಯನ್ನೆಲ್ಲ ಒಳ್ಳೆ ಬಟ್ಟೆ ಉಡಿಸಿ, ಬಾಗಿಲಿನ ಮುಂದೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದರು. ಹನ್ನೆರಡು ಫೋಟೋಗಳಲ್ಲಿ ನಲವತ್ತೊಂದು ಮುಖ, ಎರಡು ನಾಯಿ, ಒಂದು ಚಿಲಕ. ಬಾಗಿಲು ಎಲ್ಲೂ ಕಾಣಲಿಲ್ಲ.

ಇನ್ನು ಪತ್ರಗಳು. ಅವನ್ನು ಹೇಳುವ ಮೊದಲು ಮೇಸ್ತ್ರಿಗಳ ಒಂದು ವ್ರತದ ಬಗ್ಗೆ ಹೇಳಬೇಕು.

ಒಂದು ಬಾಗಿಲಿಗೆ ಮೂರು ಕೀಲು. ಕೀಲಿಗೆ ನಾಲ್ಕರಂತೆ ಚೌಕಟ್ಟಿಗೆ ಹನ್ನೆರಡು ಸ್ಕ್ರೂ. ಇದರಲ್ಲಿ ಹನ್ನೊಂದನ್ನು ಮಾತ್ರ ಮೇಸ್ತ್ರಿಗಳು ತಿರುಗಿಸುವರು. ಹನ್ನೆರಡನೆಯದನ್ನು ಕೈಯಲ್ಲಿ ನಾಲ್ಕು ಸುತ್ತು ಕೂರಿಸಿ, ಸ್ಕ್ರೂಡ್ರೈವರನ್ನು ಎರಡೂ ಅಂಗೈ ಮೇಲಿಟ್ಟು, ತುಸು ಬಾಗಿ, ಮನೆಯ ಯಜಮಾನರಿಗೆ ಒಪ್ಪಿಸುವರು. ಗುರುವಿನ ಜೊತೆ ಮೊದಲ ದಿನ ಗಿರಾಕಿಯ ಮನೆಗೆ ಹೋದಾಗಲೇ ಕಣ್ಣಾರೆ ಕಂಡದ್ದು: ದೊಡ್ಡ ಮೇಸ್ತ್ರಿ ಹನ್ನೊಂದು ಹಾಕಿ, ಒಂದನ್ನು ಬಿಟ್ಟು, "ನೀವೇ ಹಾಕಿ" ಎಂದು ಮನೆಯೊಡೆಯನ ಕೈಗೆ ಕೊಟ್ಟಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಬಂದ ಉತ್ತರ ನಿಮಗೆ ಗೊತ್ತೇ ಇದೆ. ಆ ಒಂದು "ಹಂಗೇ"ಯ ಅಡಿಪಾಯದ ಮೇಲೆ ಶಿಷ್ಯ ಒಂದು ಇಡೀ ಧರ್ಮಶಾಸ್ತ್ರ ಕಟ್ಟಿದ. ಬಾಗಿಲು ಬಡಗಿಯದಲ್ಲ, ಮನೆಯವರದು. ಕೊನೆಯ ತಿರುವು ಅವರ ಕೈಯಿಂದ ಆದರೇ ಬಾಗಿಲಿಗೆ ಆ ಮನೆ ತನ್ನದು ಅನ್ನಿಸುತ್ತದೆ. ಮೇಸ್ತ್ರಿಯಾದವನು ತನ್ನ ಅಹಂಕಾರವನ್ನು ಹನ್ನೊಂದನೆಯ ಸ್ಕ್ರೂವಿಗೇ ನಿಲ್ಲಿಸಬೇಕು. ಹೀಗೆ.

ಜನರಿಗೂ ಇದು ಬಲು ಹಿಡಿಸಿತ್ತು. ಒಬ್ಬ ಹೆಡ್‌ಮಾಸ್ಟರು ಆ ಒಂದು ಸ್ಕ್ರೂವಿಗಾಗಿ ಕೋಟು ಹಾಕಿಕೊಂಡು ಬಂದಿದ್ದರು. ಒಬ್ಬ ಅಜ್ಜಿ ಉಲ್ಟಾ ತಿರುಗಿಸಿ ಸ್ಕ್ರೂವನ್ನೇ ಹೊರಗೆ ತೆಗೆದು, ಮೂರನೆಯ ಸಲಕ್ಕೆ ಗೆದ್ದು, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕರೆದು, "ನೋಡ್ರೋ, ಈ ಬಾಗಿಲು ನಾನು ಕೂರಿಸಿದ್ದು" ಎಂದಿದ್ದಳು.

ಈಗ ಪತ್ರಗಳು ಬಂದವು. ಹೆಡ್‌ಮಾಸ್ಟರು ಬರೆದಿದ್ದರು: 'ನಮ್ಮ ಮನೆಯ ಬಾಗಿಲಿನ ಸ್ಕ್ರೂವನ್ನು ನಾನೇ ಸ್ವಹಸ್ತದಿಂದ ಬಿಗಿಗೊಳಿಸಿದೆನೆಂದು ಹೆಮ್ಮೆಯಿಂದ ದೃಢೀಕರಿಸುತ್ತೇನೆ.' ಉಳಿದ ಹನ್ನೊಂದು ಮಂದಿಯೂ, ಮಾತಾಡಿಕೊಂಡವರ ಹಾಗೆ, ಇದನ್ನೇ ಬರೆದಿದ್ದರು.

ಕಚೇರಿಯ ಮರುಪತ್ರ ಮೂರೇ ಸಾಲು. 'ನೀವು ಸಲ್ಲಿಸಿದ ದಾಖಲೆಗಳ ಪ್ರಕಾರ ಹನ್ನೆರಡೂ ಬಾಗಿಲುಗಳನ್ನು ಆಯಾ ಮನೆಯವರೇ ಕೂರಿಸಿದ್ದಾರೆ. ಆ ಸಮಯದಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂಬುದು ಸ್ಪಷ್ಟವಾಗಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗತಕ್ಕದ್ದು.'

ಪರೀಕ್ಷೆ ವರ್ಷಕ್ಕೆ ಒಂದೇ ಸಲ. ತಪ್ಪಿದರೆ ಬೆಂಚು ಹೋಯಿತು. ನಾಲ್ಕು ಗಂಟೆಯಲ್ಲಿ ಒಂದು ಬಾಗಿಲು ಕೂರಿಸಬೇಕು. ಪ್ರತಿ ಹಂತದಲ್ಲೂ ಹೀಗೇಕೆ ಎಂದು ಕೇಳಿದರೆ ಹೇಳಬೇಕು. ಭಾಷೆ ಬಾರದವರು ದುಭಾಷಿಯನ್ನು ಕರೆತರಬಹುದು. ಮಗಳಿಗೆ ಭಾಷೆ ನೀರು ಕುಡಿದ ಹಾಗೆ, ಆದರೆ ಉಳಿಗೂ ಚಮಚಕ್ಕೂ ವ್ಯತ್ಯಾಸ ತಿಳಿಯದು. ಹೆಂಡತಿ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿನ ಅಜ್ಜಿಯರ ಜೊತೆ ದಿನವಿಡೀ ಹರಟಿ ಹರಟಿ ಆ ಊರಿನ ಭಾಷೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಆಕೆಯೇ ಹೊರಟಳು.

ಬಸ್ಸಿನಲ್ಲಿ ಆಕೆಯದು ಒಂದೇ ಮಾತು. "ನೋಡಿ, ಅಲ್ಲಿ ಹೋಗಿ ಆ ಕೊನೆ ಸ್ಕ್ರೂ ನಾಟಕ ಬೇಡ. ಹನ್ನೆರಡೂ ನೀವೇ ಹಾಕಿ, ಇಳಿದು ಬನ್ನಿ."

"ನಾಟಕನಾ? ನಿಮ್ಮಪ್ಪ ಕಲಿಸಿದ್ದು ಕಣೇ ಅದು!"

ಹೆಂಡತಿ ಏನೋ ಹೇಳಲು ಬಾಯಿ ತೆಗೆದು, ಮತ್ತೆ ಕಿಟಕಿಯ ಕಡೆ ತಿರುಗಿದಳು. "ಬೆಂಚು ಬೇಕೋ ಬೇಡ್ವೋ?"

"ಬೇಕು."

"ಹಂಗಾದ್ರೆ ಹನ್ನೆರಡು."

"ಆಯ್ತು, ಹನ್ನೆರಡು," ಎಂದು ಮೇಸ್ತ್ರಿಗಳು ಮಾತು ಕೊಟ್ಟರು.

ಪರೀಕ್ಷೆಯ ಸಭಾಂಗಣದಲ್ಲಿ ಸಾಲಾಗಿ ಆರು ಚೌಕಟ್ಟುಗಳು ಗೋಡೆಯಿಲ್ಲದೆ ನಿಂತಿದ್ದವು. ಮೇಸ್ತ್ರಿಗಳಿಗೆ ತಲೆಗೆ ಹಳದಿ ಟೋಪಿ, ಕಣ್ಣಿಗೆ ಕನ್ನಡಕ, ಮಂಡಿಗೆ ಮೆತ್ತೆ, ಕೈಗೆ ಗವುಸು. ಯುದ್ಧಕ್ಕೆ ಸನ್ನದ್ಧರಾದಂತಿದ್ದರು. ನಿಯಮ ಎಂದರೆ ನಿಯಮ: ಮೂರು ಮಾರು ದೂರದ ಸ್ಟೂಲಿನ ಮೇಲೆ ಕುಳಿತ ದುಭಾಷಿಗೂ ಅದೇ ಟೋಪಿ, ಅದೇ ಕನ್ನಡಕ. ತುರುಬಿನ ಮೇಲೆ ಟೋಪಿ ಕೂರದೆ ಗೋಪುರದ ಕಳಶದ ಹಾಗೆ ಅಲ್ಲಾಡುತ್ತಿತ್ತು.

ಪರೀಕ್ಷಕರನ್ನು ನೋಡಿದ ಕೂಡಲೇ ಮೇಸ್ತ್ರಿಗಳು ಮನಸ್ಸಿನಲ್ಲೇ ಒಂದು ಹೆಸರಿಟ್ಟರು: ರಸಮಟ್ಟ. ಮರ ನೆಟ್ಟಗಿದೆಯೋ ಇಲ್ಲವೋ ನೋಡಲು ಬಡಗಿಗಳು ಇಡುವ, ಗಾಜಿನ ನಳಿಕೆಯಲ್ಲಿ ಒಂದು ಗುಳ್ಳೆ ಓಡಾಡುವ ಪಟ್ಟಿ ಇದೆಯಲ್ಲ, ಅದು. ಈ ಮನುಷ್ಯನ ಮುಖದ ಗುಳ್ಳೆ ಮಧ್ಯದಿಂದ ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ.

ಗಂಟೆ ಬಾರಿಸಿತು. ಕೀಸುಳಿಯ ಮೊದಲ ಎಳೆತಕ್ಕೆ ಮರದ ಸುರುಳಿ ಎದ್ದು ಮಣಿಕಟ್ಟಿಗೆ ಸುತ್ತಿಕೊಂಡಿತು. ಆ ವಾಸನೆ! ತಿಂಗಳುಗಟ್ಟಲೆ ಹೊಟ್ಟು ಗುಡಿಸಿದರೂ ಮೂಗಿಗೆ ಬರದಿದ್ದ ವಾಸನೆ. ಇನ್ನೊಬ್ಬರು ಕೊರೆದ ಮರಕ್ಕೆ ಅದು ಇರುವುದಿಲ್ಲ. ಮೇಸ್ತ್ರಿಗಳ ಕಣ್ಣಿಗೆ ಸಭಾಂಗಣದ ಬಿಳಿ ದೀಪಗಳು ಹೋಗಿ ತಗಡಿನ ತೂತಿನ ಬಿಸಿಲುಕೋಲುಗಳು ಬಂದವು. ಅಂಟಿನ ಡಬ್ಬಿ ಎಲ್ಲೋ ಕುದಿಯಿತು. ಹಿಂದಿನಿಂದ ದೊಡ್ಡ ಮೇಸ್ತ್ರಿ ಕೆಮ್ಮಿದ ಹಾಗಾಯಿತು. ಕೈ ತನ್ನಷ್ಟಕ್ಕೆ ಓಡಿತು.

"ಬಾಗಿಲಿಗೂ ಚೌಕಟ್ಟಿಗೂ ನಡುವೆ ಇಷ್ಟು ಸಂದು ಏಕೆ?" ಎಂದು ಕೇಳಿದ ರಸಮಟ್ಟ. ಹೆಂಡತಿ ಅದನ್ನು ಕನ್ನಡಕ್ಕೆ ತಂದಳು.

"ಹಂಗೇ," ಎಂದರು ಮೇಸ್ತ್ರಿಗಳು.

ಹೆಂಡತಿ ಆ ಊರಿನ ಭಾಷೆಯಲ್ಲಿ ಎರಡು ನಿಮಿಷ ಮಾತಾಡಿದಳು. ಮರಕ್ಕೆ ಉಸಿರಾಟವಿದೆ, ತೇವದ ದಿನಗಳಲ್ಲಿ ಉಬ್ಬುತ್ತದೆ, ಒಣ ದಿನಗಳಲ್ಲಿ ಸೊರಗುತ್ತದೆ, ಒಂದು ನಾಣ್ಯ ನುಸುಳುವಷ್ಟು ಜಾಗ ಬಿಡದಿದ್ದರೆ ಮಳೆಗಾಲದಲ್ಲಿ ಬಾಗಿಲು ಮುನಿಸಿಕೊಂಡ ನೆಂಟನ ಹಾಗೆ ಬಿಗಿದುಕೊಳ್ಳುತ್ತದೆ. ರಸಮಟ್ಟ ಬರೆದುಕೊಂಡ.

"ಮೇಲಿನ ಕೀಲನ್ನು ಇಷ್ಟು ಮೇಲೆ ಏಕೆ ಇಟ್ಟಿರಿ?"

"ಹಂಗೇ."

ಮತ್ತೆ ಎರಡು ನಿಮಿಷ. ಭಾರ ಎಳೆಯುವುದು ಮೇಲಿನ ಕೀಲನ್ನು, ಒತ್ತುವುದು ಕೆಳಗಿನದನ್ನು. ರಸಮಟ್ಟ ಪುಟ ತಿರುಗಿಸಿದ.

ಬಾಗಿಲಿಗೆ ಕೀಲು ಬಿಗಿದ ಸ್ಕ್ರೂಗಳ ನೆತ್ತಿಯ ಗೀರುಗಳನ್ನೆಲ್ಲ ನೆಟ್ಟಗೆ, ಒಂದೇ ದಿಕ್ಕಿಗೆ ನಿಲ್ಲಿಸಿದ್ದು ಏಕೆ ಎಂಬ ಪ್ರಶ್ನೆಗೂ ಅದೇ ಒಂದು ಪದ. ಅದಕ್ಕೆ ಮೂರು ನಿಮಿಷ: ಅಡ್ಡ ಗೀರಿನಲ್ಲಿ ಧೂಳು ಕೂರುತ್ತದೆ, ಅಲ್ಲದೆ, ಮುಂದೆ ಯಾವುದಾದರೂ ಒಂದು ಸಡಿಲಾದರೆ ಸಾಲು ತಪ್ಪಿದ ಗೀರು ದೂರದಿಂದಲೇ ಕಾಣುತ್ತದೆ.

ಮೇಸ್ತ್ರಿಗಳಿಗೆ ಅನುಮಾನ ಬಂತು. "ಅಲ್ವೇ, ನಾನು ಒಂದು ಪದ ಹೇಳಿದ್ರೆ ನೀನೇನು ಪುರಾಣ ಓದ್ತಿದೀಯಾ?"

"ನಿಮ್ಮ ಒಂದು ಪದಾನ ಬಿಡಿಸಿದ್ರೆ ಅಷ್ಟಾಗುತ್ತೆ. ಕೆಲಸ ನೋಡಿ."

"ಇದೆಲ್ಲ ನಿಂಗ್ಯಾರು ಹೇಳಿದ್ದು?"

"ಅಪ್ಪ. ಊಟಕ್ಕೆ ಕೂತಾಗ. ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಕೊಟ್ಟಿಗೆಯಲ್ಲಿ ಎರಡೇ ಪದದಲ್ಲಿ ಮುಗಿಸುತ್ತಿದ್ದ ದೊಡ್ಡ ಮೇಸ್ತ್ರಿ, ಉಳಿದ ಪದಗಳನ್ನೆಲ್ಲ ಮನೆಗೆ ಒಯ್ದು ಮಗಳ ಮುಂದೆ ಸುರಿಯುತ್ತಿದ್ದರು ಎಂಬುದು ಶಿಷ್ಯನಿಗೆ ಇಪ್ಪತ್ತೆಂಟು ವರ್ಷದ ಮೇಲೆ, ಒಂದು ಕೀಲು ಹಿಡಿದು ನಿಂತಾಗ ತಿಳಿಯಿತು.

ಬಾಗಿಲು ಚೌಕಟ್ಟಿಗೆ ಏರಿತು. ಒಂದನೆಯ ಸ್ಕ್ರೂ, ಎರಡನೆಯದು, ಐದು, ಒಂಬತ್ತು. ಹನ್ನೊಂದು. ಹನ್ನೆರಡನೆಯದನ್ನು ಬೆರಳಲ್ಲಿ ನಾಲ್ಕು ಸುತ್ತು ಕೂರಿಸಿದರು. ಬಸ್ಸಿನಲ್ಲಿ ಕೊಟ್ಟ ಮಾತು ನೆನಪಿತ್ತು. ಆದರೆ ಮಾತು ಕೊಟ್ಟದ್ದು ಬಾಯಿ, ಕೈ ಕೊಟ್ಟಿರಲಿಲ್ಲ. ಕೈ ತನ್ನ ಪಾಡಿಗೆ ಸ್ಕ್ರೂಡ್ರೈವರನ್ನು ಎರಡೂ ಅಂಗೈ ಮೇಲೆ ಮಲಗಿಸಿತು. ಸೊಂಟ ತುಸು ಬಾಗಿತು. ಮೇಸ್ತ್ರಿಗಳು ರಸಮಟ್ಟನ ಮುಂದೆ ನಿಂತಿದ್ದರು.

ರಸಮಟ್ಟ ಸ್ಕ್ರೂಡ್ರೈವರನ್ನು ನೋಡಿದ. ಗಡಿಯಾರವನ್ನು ನೋಡಿದ. "ಕೆಲಸ ಮುಗಿದಿಲ್ಲ. ಇನ್ನು ಒಂಬತ್ತು ನಿಮಿಷ ಇದೆ," ಎಂದ.

"ಹಾಕ್ರೀ!" ಎಂದು ಸ್ಟೂಲಿನ ಮೇಲಿನಿಂದ ಪಿಸುಗುಟ್ಟು ಬಂತು.

"ಆಗಲ್ಲ ಕಣೇ."

"ಯಾಕಾಗಲ್ಲ? ಕೈ ಇದೆ, ಸ್ಕ್ರೂ ಇದೆ!"

"ಇಪ್ಪತ್ತೆಂಟು ವರ್ಷದಲ್ಲಿ ಒಂದು ಬಾಗಿಲಿಗೂ ನಾನು ಕೊನೆ ಸ್ಕ್ರೂ ಹಾಕಿಲ್ಲ. ಒಂದು ಕಾಗದಕ್ಕೋಸ್ಕರ ಗುರುವಿನ ಮಾತು ಮೀರ್ಲಾ?"

"ಬೆಂಚು ರೀ, ಬೆಂಚು!"

ಎಡಗಡೆಯ ಬಿಸಿಲು, ಸವೆದ ಅಂಚು, ಎಲ್ಲ ಮೇಸ್ತ್ರಿಗಳ ಕಣ್ಣ ಮುಂದೆ ಬಂತು. ಸ್ಕ್ರೂಡ್ರೈವರನ್ನು ಬಿಗಿಯಾಗಿ ಹಿಡಿದು ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟರು. ಮತ್ತೆ ನಿಂತರು. "ಅವರಿಗೆ ಹೇಳು," ಎಂದರು. ಹುಟ್ಟಿದಂದಿನಿಂದ ಅಷ್ಟುದ್ದ ಮಾತಾಡದ ಮನುಷ್ಯ ಅಂದು ಮಾತಾಡಿದರು. ಬಾಗಿಲು ಬಡಗಿಯದಲ್ಲ ಎಂದರು. ಅಹಂಕಾರ ಹನ್ನೊಂದಕ್ಕೆ ನಿಲ್ಲಬೇಕು ಎಂದರು. ತಮ್ಮ ಗುರು ಕಾಗದದಲ್ಲಿ ಸಹಿ ಹಾಕದೆ, ಊರಿನ ನೂರಾರು ಬಾಗಿಲುಗಳಲ್ಲಿ ಸಹಿ ಹಾಕಿ ಹೋದ ಮಹಾನುಭಾವ, ಈ ಒಂದು ಸ್ಕ್ರೂವೇ ಅವರು ಕೊಟ್ಟ ಸರ್ಟಿಫಿಕೇಟು ಎಂದರು. ಕೊನೆಯಲ್ಲಿ ದನಿ ಒಡೆಯಿತು.

ಹೆಂಡತಿ ಗಂಡನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ರಸಮಟ್ಟನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಹೇಳತೊಡಗಿದಳು.

ಮೇಸ್ತ್ರಿಗಳು ಕಣ್ಣೆವೆ ಮಿಟುಕಿಸದೆ ನೋಡುತ್ತಿದ್ದರು. ಮೊದಲು ರಸಮಟ್ಟನ ತುಟಿಯ ಅಂಚು ಅದುರಿತು. ಭುಜ ಕುಲುಕಿತು. ಗುಳ್ಳೆ ಒಂದು ಕಡೆಗೆ ಜಾರಿ, ಇನ್ನೊಂದು ಕಡೆಗೆ ಓಡಿ, ನಳಿಕೆ ಬಿಟ್ಟೇ ಹೋಯಿತು. ಆತ ಹಿಂದಕ್ಕೆ ತಿರುಗಿ, ಕನ್ನಡಕ ತೆಗೆದು, ಕರವಸ್ತ್ರದಿಂದ ಕಣ್ಣು ಒರೆಸಿಕೊಂಡ. ಅತ್ತುಬಿಟ್ಟ! ನನ್ನ ಮಾತಿಗೆ ಸರ್ಕಾರದ ಅಧಿಕಾರಿ ಅತ್ತುಬಿಟ್ಟ!

ಮತ್ತೆ ಇತ್ತ ತಿರುಗಿದಾಗ ಗುಳ್ಳೆ ಮಧ್ಯಕ್ಕೆ ಬಂದಿತ್ತು. "ಅಭ್ಯರ್ಥಿಯ ಕೆಲಸವನ್ನು ಪರೀಕ್ಷಕ ಮುಟ್ಟಬಾರದು ಎಂದು ನಿಯಮವಿದೆ," ಎಂದ. ಆಮೇಲೆ ನಿಯಮಾವಳಿಯ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಮಗುಚಿ ನೋಡಿ, "ದುಭಾಷಿಯ ಬಗ್ಗೆ ಏನೂ ಬರೆದಿಲ್ಲ," ಎಂದ.

ಹೆಂಡತಿ ಸ್ಟೂಲಿನಿಂದ ಇಳಿದಳು. ಓಲಾಡುವ ಟೋಪಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಗಂಡನ ಅಂಗೈಯಿಂದ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಮೊದಲು ಹಿಂದಕ್ಕೆ ಕಾಲು ಸುತ್ತು, 'ಟಿಕ್' ಎನ್ನುವ ತನಕ, ಆಮೇಲೆ ಮುಂದಕ್ಕೆ. ಉಳಿದ ಹನ್ನೊಂದರ ಜೊತೆ ಗೀರು ನೆಟ್ಟಗೆ ಸಾಲಿಗೆ ಬಂದಾಗ ನಿಲ್ಲಿಸಿದಳು. ಅದು ದೊಡ್ಡ ಮೇಸ್ತ್ರಿಯ ಕೈವರಸೆಯೇ. ಇವಳಿಗೆ ಇದು ಎಲ್ಲಿಂದ ಬಂತು ಎಂದು ಮೇಸ್ತ್ರಿಗಳು ಕೇಳುವಷ್ಟರಲ್ಲಿ ಗಂಟೆ ಬಾರಿಸಿತು.

ಮುಂದಿನ ಮೂರು ವಾರ ಮನೆಯಲ್ಲಿ ಬೇರೆ ಮಾತಿಲ್ಲ. ಅಧಿಕಾರಿ ಅತ್ತ ಕಥೆ ದಿನದಿಂದ ದಿನಕ್ಕೆ ಬೆಳೆಯಿತು. ಮೊದಲ ವಾರ ಆತ ಕಣ್ಣು ಒರೆಸಿಕೊಂಡಿದ್ದ. ಎರಡನೆಯ ವಾರ ಬಿಕ್ಕಿದ್ದ. ಮೂರನೆಯ ವಾರ ಮೇಸ್ತ್ರಿಗಳೇ ಆತನ ಬೆನ್ನು ಸವರಿ ಸಮಾಧಾನ ಹೇಳಬೇಕಾಗಿ ಬಂದಿತ್ತು. "ನಿಮ್ಮಮ್ಮನ್ನ ಕೇಳು ಬೇಕಾದ್ರೆ," ಎನ್ನುವರು ಮಗಳಿಗೆ. ಅಮ್ಮ ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಗೆ ಎದ್ದುಹೋಗುವಳು.

ಪತ್ರ ಬಂದ ದಿನ ಮೇಸ್ತ್ರಿಗಳು ಕುರ್ಚಿಯನ್ನು ಕೋಣೆಯ ನಡುವೆ ಹಾಕಿಕೊಂಡು ಕುಳಿತರು. "ಜೋರಾಗಿ ಓದು. ಒಂದಕ್ಷರ ಬಿಡಬಾರದು."

"ನಾನು ಓದ್ತೀನಿ ಕೊಡೇ," ಎಂದು ಅಮ್ಮ ಕೈ ಚಾಚಿದಳು. ಮಗಳು ಕೊಡಲಿಲ್ಲ.

"'ಕೈಕೆಲಸ: ಅತ್ಯುತ್ತಮ. ಬಾಗಿಲು ಒಂದು ಬೆರಳಿಗೆ ಚಲಿಸುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಇಂಥ ಕೆಲಸವನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ.'"

ಮೇಸ್ತ್ರಿಗಳು ಮೀಸೆ ತಿರುವಿದರು.

"'ತಿಳಿವಳಿಕೆ: ಪ್ರತಿ ಪ್ರಶ್ನೆಗೂ ಸ್ಪಷ್ಟವಾದ, ಸಕಾರಣವಾದ ಉತ್ತರ ದೊರೆಯಿತು. ಆದರೆ ಅಭ್ಯರ್ಥಿ ಹೇಳಿದ್ದು ಒಂಬತ್ತು ಬಾರಿಯೂ ಒಂದೇ ಪದವೆಂದು ನನ್ನ ಕಿವಿಗೆ ತಿಳಿಯಿತು. ಆದ್ದರಿಂದ ಈ ಭಾಗದ ಅಂಕಗಳು ದುಭಾಷಿಗೆ ಸಲ್ಲತಕ್ಕದ್ದು.'"

ಮೀಸೆಯ ಮೇಲಿನ ಕೈ ಕೆಳಗಿಳಿಯಿತು. "ಮುಂದೆ ಓದು. ಸ್ಕ್ರೂ ವಿಷಯ ಬರ್ಲಿಲ್ವಾ?"

"ಬಂತು. 'ಕೊನೆಯ ಸ್ಕ್ರೂ: ದುಭಾಷಿಯ ವಿವರಣೆಯಂತೆ, ಆಕೆ ಐದು ವರ್ಷದವಳಿದ್ದಾಗ ತನಗೂ ಸ್ಕ್ರೂಡ್ರೈವರ್ ಬೇಕೆಂದು ಕೊಟ್ಟಿಗೆಯಲ್ಲಿ ಬಿದ್ದು ಹೊರಳಾಡಿ ಅಳುತ್ತಿದ್ದಳು. ಅಳು ನಿಲ್ಲಿಸಲು ಆಕೆಯ ತಂದೆ ಗಿರಾಕಿಗಳ ಮನೆಗೆ ಆಕೆಯನ್ನೂ ಕರೆದೊಯ್ದು, ಪ್ರತಿ ಬಾಗಿಲಿಗೂ ಒಂದು ಸ್ಕ್ರೂವನ್ನು ಆಕೆಗಾಗಿ ಉಳಿಸುತ್ತಿದ್ದರು. ಆಕೆ ದೊಡ್ಡವಳಾಗಿ ಆ ಆಟ ಬಿಟ್ಟ ಮೇಲೂ ತಂದೆಯ ಕೈ ಹನ್ನೊಂದಕ್ಕೇ ನಿಲ್ಲುತ್ತಿತ್ತು. ಒಮ್ಮೆ ಗಿರಾಕಿಯೊಬ್ಬರು ಒಂದು ಸ್ಕ್ರೂ ಬಿಟ್ಟುಹೋಗಿದೆಯಲ್ಲ ಎಂದು ಕೇಳಿದಾಗ, ಮರೆತೆ ಎನ್ನಲು ನಾಚಿ, ನೀವೇ ಹಾಕಿ ಎಂದುಬಿಟ್ಟರು. ಅಂದು ಜೊತೆಯಲ್ಲಿದ್ದ ಹೊಸ ಶಿಷ್ಯ ಇದನ್ನು ಕಸುಬಿನ ಧರ್ಮವೆಂದು ನಂಬಿದ. ಇಂದಿಗೂ ನಂಬಿದ್ದಾನೆ. ದಯವಿಟ್ಟು ಆತನಿಗೆ ಹೇಳಬೇಡಿ.'"

ಮೇಸ್ತ್ರಿಗಳು ಕುರ್ಚಿಯಿಂದ ಎದ್ದರು.

"ಇನ್ನೂ ಇದೆಯಪ್ಪ. 'ಈ ಪದ್ಧತಿಯ ಮೂಲ ಹಕ್ಕುದಾರರೇ ಬಂದು ಕೊನೆಯ ಸ್ಕ್ರೂ ಹಾಕಿರುವುದರಿಂದ ಕೆಲಸ ಅಪೂರ್ಣವೆಂದು ಪರಿಗಣಿಸಿಲ್ಲ. ಈ ಹುದ್ದೆಯಲ್ಲಿ ಮೂವತ್ತು ವರ್ಷಗಳಿಂದ ಇದ್ದೇನೆ. ಕೆಲಸದ ವೇಳೆಯಲ್ಲಿ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದು ಇದೇ ಮೊದಲು.'"

"ನಕ್ಕಿದ್ದಾ?" ಎಂದರು ಮೇಸ್ತ್ರಿಗಳು. ದನಿ ಬಾವಿಯಿಂದ ಬಂದ ಹಾಗಿತ್ತು.

ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ಇಪ್ಪತ್ತೆಂಟು ವರ್ಷ! ಹೆಡ್‌ಮಾಸ್ಟರು ಕೋಟು ಹಾಕ್ಕೊಂಡು ಬಂದಿದ್ರು ಕಣೇ! ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋಣ ಅಂತಿದ್ದೆ. ಅಪ್ಪನೇ ಬೇಡ ಅಂದ್ರು. 'ಅವನು ಅಷ್ಟು ಭಕ್ತಿಯಿಂದ ಎರಡೂ ಕೈಯಲ್ಲಿ ಕೊಡ್ತಾನಲ್ಲಮ್ಮ, ಅದನ್ನ ನೋಡಿದ್ರೆ ನಂಗೇ ನಿಜ ಅನ್ನಿಸುತ್ತೆ' ಅಂದ್ರು." ಆಕೆ ಬೆರಳಿನಿಂದ ಸೆರಗು ಬಿಡಿಸಿಕೊಂಡಳು. "ಆಮೇಲೆ ಅಪ್ಪನೂ ನಿಮ್ಮ ಹಂಗೇ ಬಾಗಿ ಕೊಡೋಕೆ ಶುರು ಮಾಡಿದ್ರು. ನಿಮ್ಮಿಂದ ಕಲಿತಿದ್ದು ಅದೊಂದು ಅಂತಿದ್ರು."

ಮೇಸ್ತ್ರಿಗಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತರು. ಕಣ್ಣು ಒರೆಸಿಕೊಂಡರೋ, ಮೂಗು ಒರೆಸಿಕೊಂಡರೋ, ಮಗಳಿಗೆ ಕಾಣಲಿಲ್ಲ. ಆಕೆ ಪತ್ರದ ಕೊನೆಯ ಭಾಗವನ್ನು ಮೆಲ್ಲಗೆ ಓದಿದಳು.

"'ತೀರ್ಮಾನ: ಅಭ್ಯರ್ಥಿಯನ್ನು ಬಡಗಿಯೆಂದು ಮಾನ್ಯ ಮಾಡಲಾಗಿದೆ. ಷರತ್ತು: ಒಂದು ವರ್ಷದವರೆಗೆ, ಕೆಲಸದ ಕಾರಣಗಳನ್ನು ವಿವರಿಸಬಲ್ಲ ಮೇಲ್ವಿಚಾರಕರೊಬ್ಬರು ಆತನ ಕೆಲಸವನ್ನು ವಾರಕ್ಕೊಮ್ಮೆ ಪರಿಶೀಲಿಸಿ ಪುಸ್ತಕದಲ್ಲಿ ಬರೆದಿಡಬೇಕು. ದುಭಾಷಿಯವರನ್ನೇ ಈ ಸ್ಥಾನಕ್ಕೆ ಶಿಫಾರಸು ಮಾಡುತ್ತೇನೆ. ಇದಲ್ಲದೆ, ಹೊಸದಾಗಿ ಬಂದ ಬಡಗಿಗಳಿಗೆ ವಾರಕ್ಕೆರಡು ದಿನ ಪಾಠ ಹೇಳಲು ಅವರನ್ನು ನಮ್ಮ ಶಾಲೆಗೆ ಆಹ್ವಾನಿಸಲಾಗಿದೆ. ಕೈಯಿಂದ ಮಾಡಿ ತೋರಿಸಲು ಪತಿಯನ್ನು ಜೊತೆಗೆ ಕರೆತರಬಹುದು. ಅವರು ಮಾತಾಡುವ ಅಗತ್ಯವಿಲ್ಲ.'"

ಇಪ್ಪತ್ತೆರಡು ವರ್ಷಗಳಿಂದ ಆ ಮನೆಯಲ್ಲಿ ನಡೆದುಬಂದಿದ್ದ ವ್ಯವಸ್ಥೆಗೆ ಸರ್ಕಾರದ ಮೊಹರು ಬಿತ್ತು, ಅಷ್ಟೆ.

ಕಿಟಕಿಯ ಪಕ್ಕದ ಬೆಂಚು ಮೇಸ್ತ್ರಿಗಳಿಗೆ ಸಿಕ್ಕಿತು. ಮಾವನ ಉಳಿ ಎಣ್ಣೆಬಟ್ಟೆ ಬಿಚ್ಚಿಕೊಂಡು ಎಡಗಡೆಯ ಬಿಸಿಲಿಗೆ ಬಂತು. ಆದರೆ ಮೇಲ್ವಿಚಾರಕಿಯವರು (ಇನ್ನು ಮುಂದೆ ಅವರನ್ನು ಬಹುವಚನದಲ್ಲೇ ಹೇಳುವುದು ಕ್ಷೇಮ) ಪುಸ್ತಕ ತೆರೆದದ್ದು ಮನೆಯಲ್ಲೇ. ಮೊದಲ ಭಾನುವಾರವೇ ಹೊಸ ನೋಟ್‌ಬುಕ್ಕು ಹಿಡಿದು ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡರು.

"ಈಗ ಯಾವ ಕಾನೂನು ಅಡ್ಡ ಬರುತ್ತೆ?"

ಯಾವುದೂ ಬರಲಿಲ್ಲ. ಒಂದೂವರೆ ವರ್ಷ ಗೋಡೆಗೆ ಮುಖ ಮಾಡಿ ನಿಂತಿದ್ದ ಬಾಗಿಲಿಗೆ ಶಿಕ್ಷೆ ಮುಗಿಯಿತು. ಸಣ್ಣ ಬಾಗಿಲು, ಎರಡು ಕೀಲು, ಎಂಟು ಸ್ಕ್ರೂ. ಏಳು ಹಾಕಿ, ಮೇಸ್ತ್ರಿಗಳು ಸ್ಕ್ರೂಡ್ರೈವರನ್ನು ಎರಡೂ ಅಂಗೈ ಮೇಲಿಟ್ಟು, ಬಾಗಿ, ಮೂಲ ಹಕ್ಕುದಾರರ ಮುಂದೆ ಚಾಚಿದರು.

"ಇವತ್ತು ನೀವೇ ಹಾಕಿ," ಎಂದರು ಮೇಲ್ವಿಚಾರಕಿ. ದನಿ ಎಂದಿಗಿಂತ ಮೆತ್ತಗಿತ್ತು. "ನೀವೂ ಈ ಮನೆಯವರೇ ತಾನೇ?"

ಮೇಸ್ತ್ರಿಗಳು ಕಪಾಟಿನ ಕಡೆ ತಿರುಗಿದರು. ಜೀವಮಾನದ ಮೊದಲ ಕೊನೆಯ ಸ್ಕ್ರೂ. ಸಾವಿರಾರು ಸ್ಕ್ರೂ ಹಾಕಿದ ಕೈ ಹೊಸಬನ ಹಾಗೆ ಅವಸರಪಟ್ಟಿತು. ಸ್ಕ್ರೂಡ್ರೈವರ್ ಸರ್‍ರನೆ ಜಾರಿ ಬಾಗಿಲಿನ ಉದ್ದಕ್ಕೂ ಒಂದು ಗೆರೆ ಎಳೆಯಿತು. ಏಳು ಗೀರುಗಳು ನೆಟ್ಟಗೆ ನಿಂತಿದ್ದವು, ಎಂಟನೆಯದು ಓರೆ.

ಮೇಲ್ವಿಚಾರಕಿ ಕನ್ನಡಕ ಏರಿಸಿ ನೋಡಿದರು. "ಇದ್ಯಾಕೆ ಹಿಂಗಾಯ್ತು?"

ಮೇಸ್ತ್ರಿಗಳು ಸ್ಕ್ರೂವನ್ನು ನೋಡಿದರು, ಹೆಂಡತಿಯನ್ನು ನೋಡಿದರು.

"ಹಂಗೇ," ಎಂದರು.

ಮೇಲ್ವಿಚಾರಕಿ ನೋಟ್‌ಬುಕ್ಕಿನ ಮೊದಲ ಪುಟ ತೆರೆದು, ಪೆನ್ಸಿಲ್ಲಿನ ಮೊನೆಯನ್ನು ಅಪ್ಪನ ಹಾಗೆ ನಾಲಿಗೆಗೆ ತಾಗಿಸಿ, ಆ ಪದವನ್ನು ಬಿಡಿಸಿ ಬರೆಯಲು ಕುಳಿತರು. ಎರಡು ಪುಟ ತುಂಬಿತು.